ರಿಸ್ಟೋರ್ ಕೈಕೊಟ್ಟರೆ ಮೊದಲು ಫಾರ್ಮ್ಯಾಟ್ ಬೇಡ, ಮೊದಲು ಫೈಲುಗಳ ನಕಲು ಆಗಲಿ

ಮಾನ್ಯ ಸಂಪಾದಕರೇ,

ಮನೆಯ ಕಂಪ್ಯೂಟರ್ ತೊಂದರೆ ಕೊಡಲು ತೊಡಗಿದಾಗ ಅದನ್ನು ಹಿಂದಿನ ಸುಸ್ಥಿತಿಗೆ ಮರಳಿಸಲೆಂದು ವಿಂಡೋಸ್‌ನಲ್ಲೇ ಇರುವ ‘ಸಿಸ್ಟಮ್ ರಿಸ್ಟೋರ್’ ಸೌಲಭ್ಯವನ್ನು ಬಳಸುವವರು ನಮ್ಮಲ್ಲಿ ಅನೇಕರಿದ್ದಾರೆ. ಆದರೆ ಆ ರಿಸ್ಟೋರ್ ನಡುದಾರಿಯಲ್ಲಿ ಕೈಕೊಟ್ಟಾಗ ಏನು ಮಾಡಬೇಕು, ಅದಕ್ಕಿಂತ ಮುಖ್ಯವಾಗಿ ಏನು ಮಾಡಬಾರದು ಎಂಬುದು ಗೊತ್ತಿರುವವರು ತೀರ ಕಡಿಮೆ. ಕಳೆದ ಆಷಾಢದಲ್ಲಿ ನಮ್ಮ ಮನೆಯಲ್ಲಿ ನಡೆದುದನ್ನೂ, ಅದಾದ ಎರಡೇ ತಿಂಗಳಲ್ಲಿ ಪಕ್ಕದ ಮನೆಯಲ್ಲಿ ನಡೆದುದನ್ನೂ ತಮ್ಮ ಓದುಗರ ಗಮನಕ್ಕೆ ತರಬೇಕೆಂದು ಈ ಪತ್ರ ಬರೆಯುತ್ತಿದ್ದೇನೆ. ನಮ್ಮ ಮನೆಯಲ್ಲಿ ಹಾರ್ಡ್‌ಡಿಸ್ಕ್ ಹಾಳಾದರೂ ಫೈಲುಗಳು ಉಳಿದವು. ಪಕ್ಕದ ಮನೆಯ ಲ್ಯಾಪ್‌ಟಾಪಿಗೆ ಒಂದು ಕೂದಲೂ ಕೊಂಕಲಿಲ್ಲ, ಆದರೆ ಅದರೊಳಗಿದ್ದ ಫೈಲುಗಳೆಲ್ಲ ಹೋದವು. ಈ ವ್ಯತ್ಯಾಸಕ್ಕೆ ಯಂತ್ರ ಕಾರಣವಲ್ಲ, ರಿಸ್ಟೋರ್ ವಿಫಲವಾದ ಮೇಲೆ ಮನುಷ್ಯರು ತೆಗೆದುಕೊಂಡ ನಿರ್ಧಾರಗಳು ಮತ್ತು ಅದಕ್ಕೂ ಮೊದಲು ಯಾರೂ ಹೇಳದೇ ಬಿಟ್ಟ ಮಾತುಗಳು ಕಾರಣ ಎಂಬುದು ನನಗೆ ಈಗ ಸ್ಪಷ್ಟವಾಗಿದೆ.

ನಮ್ಮದು 2016ರಲ್ಲಿ ಕೊಂಡ ಡೆಸ್ಕ್‌ಟಾಪ್; ವಿಂಡೋಸ್ 10 ಇತ್ತು. ನನ್ನ ಪತ್ನಿ ಹನ್ನೊಂದು ವರ್ಷಗಳಿಂದ ನಮ್ಮ ಸೀಮೆಯ ಹಳ್ಳಿಗಳಲ್ಲಿ ಹಿರಿಯ ಹೆಂಗಸರ ಬಳಿ ಕುಳಿತು ಹಸೆ ಹಾಡುಗಳನ್ನು ಬರೆದುಕೊಂಡು ಬರುತ್ತಿದ್ದಾಳೆ. ಮುನ್ನೂರ ನಲವತ್ತಕ್ಕೂ ಹೆಚ್ಚು ಹಾಡುಗಳನ್ನು ‘ನುಡಿ’ ಎಂಬ ಕನ್ನಡ ತಂತ್ರಾಂಶದಲ್ಲಿ ಟೈಪು ಮಾಡಿ, ಕೆಲವರ ಧ್ವನಿಯನ್ನೂ ಮುದ್ರಿಸಿ ಆ ಕಂಪ್ಯೂಟರಿನಲ್ಲಿ ಇಟ್ಟಿದ್ದಳು. ಮೊದಮೊದಲ ನೋಟ್‌ಪುಸ್ತಕಗಳು ಮಲೆನಾಡಿನ ಥಂಡಿಗೆ ಬೂಷ್ಟು ಹಿಡಿದು ಹೋಗಿದ್ದರಿಂದ, ಹಾಡಿಕೊಟ್ಟ ಅಜ್ಜಿಯರಲ್ಲಿ ಹಲವರು ತೀರಿಕೊಂಡಿದ್ದರಿಂದ, ಆ ಫೈಲುಗಳಿಗೆ ಬೇರೆ ಪ್ರತಿಯೇ ಇರಲಿಲ್ಲ. ಬೇರೆಡೆ ಒಂದು ನಕಲು ಇಡದೇ ಇದ್ದದ್ದು ನಮ್ಮದೇ ತಪ್ಪು, ಅದನ್ನು ಒಪ್ಪಿಕೊಳ್ಳುತ್ತೇನೆ. ಇದನ್ನು ವಿವರವಾಗಿ ಹೇಳುತ್ತಿರುವುದೇಕೆಂದರೆ, ದುರಸ್ತಿ ಅಂಗಡಿಯಲ್ಲಿ ‘ಡೇಟಾ’ ಎಂಬ ಒಂದೇ ಮಾತಿನಲ್ಲಿ ಮುಗಿದು ಹೋಗುವುದರೊಳಗೆ ಪ್ರತಿಯೊಂದು ಮನೆಯಲ್ಲೂ ಇಂಥದ್ದೊಂದು ಇದ್ದೇ ಇರುತ್ತದೆ.

ಹೊಸ ಪ್ರಿಂಟರನ್ನು ನಡೆಸುವ ಡ್ರೈವರ್ ಎಂಬ ತಂತ್ರಾಂಶ ಹಾಕಿದ ದಿನದಿಂದ ಕಂಪ್ಯೂಟರ್ ಆಗಾಗ ನೀಲಿ ಪರದೆ ತೋರಿಸಿ ನಿಲ್ಲತೊಡಗಿತು. ಹಿಂದಿನ ವಾರದ ರಿಸ್ಟೋರ್ ಪಾಯಿಂಟ್, ಎಂದರೆ ಆ ದಿನದ ವಿಂಡೋಸ್ ಸ್ಥಿತಿಯ ದಾಖಲೆ, ಒಂದಿತ್ತು. ಅದನ್ನು ಆರಿಸಿ ರಿಸ್ಟೋರ್‌ಗೆ ಕೊಟ್ಟೆ. ಅರ್ಧ ಗಂಟೆಯ ಬಳಿಕ ಕಂಪ್ಯೂಟರ್ ಮರಳಿ ತೆರೆದುಕೊಂಡು, ರಿಸ್ಟೋರ್ ಯಶಸ್ವಿಯಾಗಿ ಮುಗಿಯಲಿಲ್ಲ, ನಿಮ್ಮ ಸಿಸ್ಟಮ್ ಫೈಲುಗಳಾಗಲಿ ಸೆಟ್ಟಿಂಗುಗಳಾಗಲಿ ಬದಲಾಗಿಲ್ಲ ಎಂಬ ಅರ್ಥದ ಇಂಗ್ಲಿಷ್ ಸಂದೇಶವನ್ನು ತೋರಿಸಿತು. ಕೆಳಗೆ 0ಎಕ್ಸ್80070005 ಎಂಬ ಸಂಕೇತವಿತ್ತು. ಅನುಮತಿ ನಿರಾಕರಿಸಲಾಗಿದೆ ಎಂಬುದು ಅದರ ಅರ್ಥ. ಹಿಂದಕ್ಕೆ ಬದಲಾಯಿಸಬೇಕಾದ ಯಾವುದೋ ಫೈಲನ್ನು ಬೇರೊಂದು ತಂತ್ರಾಂಶ, ಬಹುಮಟ್ಟಿಗೆ ಆಂಟಿವೈರಸ್, ಹಿಡಿದಿಟ್ಟುಕೊಂಡಿರುವಾಗ ಹೀಗಾಗುತ್ತದೆ. ಆ ಸಂದೇಶದ ಮೊದಲ ವಾಕ್ಯವನ್ನು ಮಾತ್ರ ಓದಿ ನಾನು ಗಾಬರಿಯಾದೆ. ಓದಬೇಕಾಗಿದ್ದದ್ದು ಎರಡನೆಯ ವಾಕ್ಯ. ಏನೂ ಬದಲಾಗಿಲ್ಲ ಎಂದು ಯಂತ್ರವೇ ಹೇಳುತ್ತಿರುವಾಗ, ಆ ಗಳಿಗೆಯಲ್ಲೇ ಒಂದು ಪೆನ್‌ಡ್ರೈವ್ ಚುಚ್ಚಿ ಹಾಡುಗಳ ಫೋಲ್ಡರನ್ನು ನಕಲು ಮಾಡಿಕೊಂಡಿದ್ದರೆ ಮುಂದಿನ ನಾಲ್ಕು ದಿನಗಳ ಸಂಕಟವೇ ಇರುತ್ತಿರಲಿಲ್ಲ.

ಹಾಗೆ ಮಾಡದೆ, ಆಂಟಿವೈರಸ್ ನಿಲ್ಲಿಸಿ ಮತ್ತೊಮ್ಮೆ ರಿಸ್ಟೋರ್‌ಗೆ ಕೊಟ್ಟೆ. ಒಮ್ಮೆ ಆರಂಭವಾದರೆ ಇದನ್ನು ನಡುವೆ ನಿಲ್ಲಿಸಲಾಗದು ಎಂಬ ಎಚ್ಚರಿಕೆ ಬಂತು, ‘ಯಸ್’ ಒತ್ತಿದೆ. ಹೊರಗೆ ಮಳೆ ಹೊಡೆಯುತ್ತಿತ್ತು. ರಿಜಿಸ್ಟ್ರಿಯನ್ನು (ವಿಂಡೋಸಿನ ಸೆಟ್ಟಿಂಗುಗಳ ಕಡತವನ್ನು) ಮರಳಿಸುತ್ತಿದ್ದೇನೆ ಎಂದು ಪರದೆಯ ಮೇಲೆ ಬರುವಷ್ಟರಲ್ಲಿ ಕರೆಂಟು ಹೋಯಿತು. ನಾಲ್ಕು ವರ್ಷದ ಹಳೆಯ ಯುಪಿಎಸ್ ಎರಡು ನಿಮಿಷ ಕೂಗಿಕೊಂಡು ಸುಮ್ಮನಾಯಿತು. ಸಂಜೆ ಕರೆಂಟು ಬಂದ ಮೇಲೆ ಕಂಪ್ಯೂಟರ್ ಹಚ್ಚಿದರೆ ‘ಆಟೋಮ್ಯಾಟಿಕ್ ರಿಪೇರಿಗೆ ಸಿದ್ಧತೆ’ ಎಂದು ತೋರಿಸುವುದು, ಕಪ್ಪಾಗುವುದು, ಮತ್ತೆ ಅದನ್ನೇ ತೋರಿಸುವುದು. ರಾತ್ರಿ ಹತ್ತರವರೆಗೂ ಇಷ್ಟೇ.

ಹೀಗೆ ವಿಫಲವಾಗುವುದರಲ್ಲಿ ಎರಡು ಬಗೆ ಇದೆ. ಏನನ್ನೂ ಮುಟ್ಟದೆ, ಅಥವಾ ಮುಟ್ಟಿದ್ದನ್ನು ಮೊದಲಿನಂತೆಯೇ ಮಾಡಿ, ರಿಸ್ಟೋರ್ ಹಿಂದೆ ಸರಿಯುವುದು ಒಂದು. ವ್ಯವಸ್ಥೆಯ ಅರ್ಧ ಭಾಗ ಹಳೆಯದು, ಅರ್ಧ ಭಾಗ ಹೊಸದು ಎಂಬಂತಾಗಿ ವಿಂಡೋಸ್ ಏಳಲಾರದೆ ಬೀಳುವುದು ಇನ್ನೊಂದು. ಎರಡನೆಯದು ನಿಜಕ್ಕೂ ಕೆಟ್ಟದ್ದೇ. ಆದರೂ ಎರಡರಲ್ಲಿ ಯಾವುದಾದರೂ ಸರಿ, ನಾವು ಬರೆದಿಟ್ಟ ಪತ್ರ, ಚಿತ್ರ, ಧ್ವನಿಮುದ್ರಣಗಳನ್ನು ಸಿಸ್ಟಮ್ ರಿಸ್ಟೋರ್ ಮುಟ್ಟುವುದಿಲ್ಲ. ಅದು ಕೈಹಾಕುವುದು ವಿಂಡೋಸಿನ ಫೈಲುಗಳು, ರಿಜಿಸ್ಟ್ರಿ, ಡ್ರೈವರುಗಳು ಮತ್ತು ಹಾಕಿದ ತಂತ್ರಾಂಶಗಳಿಗೆ ಮಾತ್ರ. 2000ದಲ್ಲಿ ವಿಂಡೋಸ್ ಎಂಇ ಜೊತೆಗೆ ಈ ಸೌಲಭ್ಯ ಬಂದಾಗಿನಿಂದಲೂ ಅದರ ಉದ್ದೇಶ ಇಷ್ಟೇ. ಇದೇ ಕಾರಣಕ್ಕೆ ಅದನ್ನು ಬ್ಯಾಕಪ್ ಎಂದು ನಂಬುವುದೂ ತಪ್ಪು. ರಿಸ್ಟೋರ್ ಪಾಯಿಂಟುಗಳು ಇರುವುದು ಅದೇ ಡಿಸ್ಕಿನ ಮರೆಯಲ್ಲಿರುವ ಒಂದು ಫೋಲ್ಡರಿನಲ್ಲಿ. ಡಿಸ್ಕ್ ಕೆಟ್ಟರೆ ಅವೂ ಕೆಟ್ಟವು. ಅವಕ್ಕೆ ಕೊಟ್ಟ ಜಾಗ ತುಂಬಿದರೆ ಹಳೆಯವು ತಾವಾಗಿಯೇ ಅಳಿಯುತ್ತವೆ. ವಿಂಡೋಸ್ 11ರ 24ಎಚ್2 ಆವೃತ್ತಿಯಲ್ಲಂತೂ ಗರಿಷ್ಠ 60 ದಿನಗಳವರೆಗಿನವು ಮಾತ್ರ ಉಳಿಯುತ್ತವೆ. ಬಹಳಷ್ಟು ಕಂಪ್ಯೂಟರುಗಳಲ್ಲಿ ಈ ಸೌಲಭ್ಯ ಚಾಲೂ ಆಗಿಯೇ ಇರುವುದಿಲ್ಲ, ಬೇಕೆಂದಾಗ ತೆರೆದು ನೋಡಿದರೆ ಒಂದು ಪಾಯಿಂಟೂ ಇರುವುದಿಲ್ಲ.

ಮರುದಿನ ಪೇಟೆಯ ದುರಸ್ತಿ ಅಂಗಡಿಗೆ ಸಿಪಿಯು ಹೊತ್ತುಕೊಂಡು ಹೋದೆ. ಅಲ್ಲಿದ್ದ ಹುಡುಗ ಒಮ್ಮೆ ಆನ್ ಮಾಡಿ ನೋಡಿ, “ವಿಂಡೋಸ್ ಹೋಗಿದೆ ಸರ್, ಫಾರ್ಮ್ಯಾಟ್ ಹೊಡೀಬೇಕು, ಸಂಜೆ ಬನ್ನಿ” ಎಂದ. ಒಳಗಿರುವ ಫೈಲುಗಳ ಗತಿಯೇನು ಎಂದು ಕೇಳಿದೆ. “ಸಿ ಡ್ರೈವಲ್ಲಿ ಇರೋದು ಹೋಗತ್ತೆ ಸರ್, ಡಿ ಡ್ರೈವಲ್ಲಿ ಇಟ್ಟಿದ್ರೆ ಇರತ್ತೆ” ಎಂದ. ನಮ್ಮ ಹಾಡುಗಳೆಲ್ಲ ಡೆಸ್ಕ್‌ಟಾಪಿನಲ್ಲಿ, ಎಂದರೆ ಸಿ ಡ್ರೈವಿನಲ್ಲೇ ಇದ್ದವು. ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ದಿನಕ್ಕೆ ಹತ್ತು ಯಂತ್ರ ನೋಡುವವನಿಗೆ ಫಾರ್ಮ್ಯಾಟ್ ಮಾಡಿ ಕೊಡುವುದೇ ಬೇಗ ಮುಗಿಯುವ ಕೆಲಸ, ಅವನಿಗೆ ಕಲಿಸಿದವರೂ ಅದನ್ನೇ ಕಲಿಸಿದ್ದಾರೆ. ಆದರೆ ಫೈಲುಗಳನ್ನು ಮೊದಲು ಬೇರೆಡೆಗೆ ನಕಲು ಮಾಡಿಕೊಳ್ಳಬಹುದು ಎಂಬ ದಾರಿ ಇದೆ ಎಂದು ನಾನು ಕೇಳಿದ ಮೇಲೂ ಅವನು ಹೇಳಲಿಲ್ಲ. ಸಿಪಿಯು ಮತ್ತೆ ಆಟೋ ಹತ್ತಿಸಿ ಮನೆಗೆ ತಂದೆ.

ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿಗೆ ಆ ರಾತ್ರಿ ಫೋನು ಮಾಡಿದೆ. ಅವನು ಮೊದಲು ಹೇಳಿದ ಮಾತನ್ನು ಇಲ್ಲಿ ಹಾಗೆಯೇ ಬರೆಯುತ್ತೇನೆ: “ಸರ್, ವಿಂಡೋಸ್ ಸರಿ ಮಾಡೋದು ಆಮೇಲೆ. ಮೊದಲು ಅಮ್ಮನ ಹಾಡುಗಳನ್ನ ಹೊರಗೆ ತೆಗೆಯೋಣ.” ಈ ಕ್ರಮ ಎಷ್ಟು ಮುಖ್ಯವೆಂಬುದು ಆಮೇಲೆ ತಿಳಿಯಿತು. ಪಕ್ಕದ ಮನೆಯ ಕಂಪ್ಯೂಟರಿನಲ್ಲಿ ಮೈಕ್ರೋಸಾಫ್ಟ್ ಉಚಿತವಾಗಿ ಕೊಡುವ ಮೀಡಿಯಾ ಕ್ರಿಯೇಷನ್ ಟೂಲ್ ಬಳಸಿ ಎಂಟು ಜಿಬಿಯ ಪೆನ್‌ಡ್ರೈವ್ ಒಂದನ್ನು ವಿಂಡೋಸ್ ಹಾಕಲು ಬರುವಂತೆ ಸಿದ್ಧಪಡಿಸಿದೆವು. ಅದರಿಂದ ನಮ್ಮ ಕಂಪ್ಯೂಟರನ್ನು ಬೂಟ್ ಮಾಡಿ (ಆರಂಭಿಸಿ), ‘ಇನ್‌ಸ್ಟಾಲ್’ ಒತ್ತದೆ, ಕೆಳಗೆ ಸಣ್ಣಕ್ಷರದಲ್ಲಿರುವ ‘ರಿಪೇರ್ ಯುವರ್ ಕಂಪ್ಯೂಟರ್’ ಎಂಬುದನ್ನು ಒತ್ತಿ, ಆದೇಶಗಳನ್ನು ಟೈಪು ಮಾಡುವ ಕಮಾಂಡ್ ಪ್ರಾಂಪ್ಟ್ ಎಂಬ ಕಪ್ಪು ಪರದೆ ತೆರೆಯಲು ಅವನು ಹೇಳಿದ. ಪೆನ್‌ಡ್ರೈವ್ ಇಲ್ಲದವರಿಗೂ ಈ ದುರಸ್ತಿ ಪರದೆಗೆ ದಾರಿಯಿದೆ. ವಿಂಡೋಸ್ ಏಳುತ್ತಿದ್ದರೆ ಶಿಫ್ಟ್ ಕೀಲಿಯನ್ನು ಒತ್ತಿ ಹಿಡಿದು ರೀಸ್ಟಾರ್ಟ್ ಕೊಡಬೇಕು. ಏಳದೇ ಇದ್ದರೆ ಕೆಲವು ಬಾರಿ ಸತತವಾಗಿ ಬೂಟ್ ವಿಫಲವಾದ ಮೇಲೆ ಸಾಮಾನ್ಯವಾಗಿ ಅದು ತಾನಾಗಿಯೇ ಬರುತ್ತದೆ.

ಕಪ್ಪು ಪರದೆಯಲ್ಲಿ ನೋಟ್‌ಪ್ಯಾಡ್ ಎಂದು ಟೈಪು ಮಾಡಿ ಎಂಟರ್ ಒತ್ತಿದರೆ ನಮಗೆಲ್ಲ ಪರಿಚಿತವಾದ ಅದೇ ಬಿಳಿಯ ಕಿಟಕಿ ತೆರೆದುಕೊಳ್ಳುತ್ತದೆ. ಅದರಲ್ಲಿ ಫೈಲ್, ಓಪನ್ ಎಂದು ಹೋಗಿ, ಕೆಳಗೆ ‘ಎಲ್ಲ ಫೈಲುಗಳು’ ಎಂದು ಆರಿಸಿದರೆ ಡಿಸ್ಕಿನಲ್ಲಿರುವುದೆಲ್ಲ ಕಾಣುತ್ತದೆ. ನಾನು ಸಿ ಡ್ರೈವ್ ತೆರೆದೆ. ಅದರಲ್ಲಿ ಏನೂ ಇರಲಿಲ್ಲ. ಪಕ್ಕದಲ್ಲಿ ನಿಂತಿದ್ದ ನನ್ನ ಪತ್ನಿ, “ಹೋಯ್ತಾ ಹಾಗಾದ್ರೆ?” ಎಂದಳು, ನಾನು ಉತ್ತರ ಹೇಳಲಿಲ್ಲ. ಫೋನಿನಲ್ಲಿದ್ದ ಹುಡುಗ ಗಾಬರಿಯಾಗಬೇಡಿ ಎಂದು ಹೇಳಿ ಕಾರಣ ವಿವರಿಸಿದ. ದುರಸ್ತಿ ಪರದೆಯಲ್ಲಿ ಡ್ರೈವುಗಳ ಅಕ್ಷರಗಳು ಅದಲುಬದಲಾಗುತ್ತವೆ. ವಿಂಡೋಸ್ ಇರುವ ಭಾಗ ಅಲ್ಲಿ ಡಿ ಎಂದೋ ಇ ಎಂದೋ ಕಾಣಿಸಬಹುದು, ಸಿ ಎಂದು ಕಾಣುವುದು ಬೂಟಿಗೆಂದೇ ಮೀಸಲಾದ ಕೆಲವು ನೂರು ಎಂಬಿಯ ಚಿಕ್ಕ ಭಾಗವಾಗಿರಬಹುದು. ಡಿಸ್ಕ್‌ಪಾರ್ಟ್ ಎಂದು ಹೊಡೆದು ಲಿಸ್ಟ್ ವಾಲ್ಯೂಮ್ ಎಂದು ಕೇಳಿದರೆ ಪ್ರತಿ ಭಾಗದ ಅಳತೆ ಕಾಣುತ್ತದೆ, ಅಳತೆ ನೋಡಿ ನಮ್ಮದು ಯಾವುದೆಂದು ಗುರುತಿಸಬೇಕು. ಡಿಸ್ಕ್‌ಪಾರ್ಟಿನಲ್ಲಿ ಇಷ್ಟನ್ನು ನೋಡಿ ಕೂಡಲೇ ಹೊರಗೆ ಬರಬೇಕು, ಬೇರೆ ಒಂದಕ್ಷರವನ್ನೂ ಒತ್ತಬಾರದು ಎಂದು ಅವನು ಮೂರು ಸಲ ಹೇಳಿದ. ಡಿಸ್ಕನ್ನು ಪೂರ್ತಿ ಅಳಿಸುವ ಆದೇಶವೂ ಅದರಲ್ಲೇ ಇದೆ. ಡಿ ಎಂಬುದನ್ನು ತೆರೆದಾಗ ಯೂಸರ್ಸ್ ಫೋಲ್ಡರ್ ಕಂಡಿತು, ಅದರೊಳಗೆ ನನ್ನ ಹೆಸರು, ಅದರೊಳಗೆ ಡೆಸ್ಕ್‌ಟಾಪ್, ಅದರೊಳಗೆ ‘ಹಾಡು’ ಎಂದು ಅವಳು ಹೆಸರಿಟ್ಟ ಫೋಲ್ಡರ್.

ಅದರ ಮೇಲೆ ಬಲಗುಂಡಿ ಒತ್ತಿ ಕಾಪಿ ಕೊಟ್ಟು, ಇನ್ನೊಂದು ಪೆನ್‌ಡ್ರೈವಿಗೆ ಹೋಗಿ ಪೇಸ್ಟ್ ಕೊಟ್ಟೆ. ಇಲ್ಲಿ ಒಂದು ಸಂಗತಿಯನ್ನು ಓದುಗರು ತಿಳಿದಿರಬೇಕು. ಈ ಪರದೆಯಲ್ಲಿ ನಕಲು ನಡೆಯುತ್ತಿರುವುದನ್ನು ತೋರಿಸುವ ಹಸಿರು ಪಟ್ಟಿ ಇರುವುದಿಲ್ಲ. ಕಿಟಕಿ ಕಲ್ಲಿನಂತೆ ನಿಂತುಬಿಡುತ್ತದೆ. ಕೆಟ್ಟಿತೆಂದು ಸ್ವಿಚ್ ಆರಿಸುವ ಆಸೆ ಬಲವಾಗುತ್ತದೆ. ಪೆನ್‌ಡ್ರೈವಿನ ಸಣ್ಣ ದೀಪ ಮಿಣುಕುತ್ತಿದೆಯೇ ಎಂದು ನೋಡುತ್ತ ಕೂರುವುದೊಂದೇ ಅಲ್ಲಿ ಉಳಿದ ದಾರಿ. ನಮ್ಮದು ಮುಕ್ಕಾಲು ಗಂಟೆ ಮಿಣುಕಿತು. ಆ ಮುಕ್ಕಾಲು ಗಂಟೆ ನಾವಿಬ್ಬರೂ ದೀಪದ ಮೇಲಿಂದ ಕಣ್ಣು ತೆಗೆಯಲಿಲ್ಲ.

ಫೈಲುಗಳು ಹೊರಗೆ ಬಂದ ಮೇಲಷ್ಟೇ ದುರಸ್ತಿಗೆ ಕೈಹಾಕಿದೆವು. ದುರಸ್ತಿ ಪರದೆಯಿಂದಲೇ ಮತ್ತೊಮ್ಮೆ ರಿಸ್ಟೋರ್ ಕೊಟ್ಟು ನೋಡಿದೆವು. ಅಲ್ಲಿ ವಿಂಡೋಸಾಗಲಿ ಆಂಟಿವೈರಸ್ಸಾಗಲಿ ಓಡುತ್ತಿರುವುದಿಲ್ಲವಾದ್ದರಿಂದ ಒಳಗಿನಿಂದ ಆಗದ ರಿಸ್ಟೋರ್ ಅಲ್ಲಿಂದ ಆಗುವುದುಂಟು, ತೊಂದರೆಗೊಳಗಾದವರು ಅದನ್ನೊಮ್ಮೆ ಪ್ರಯತ್ನಿಸಲೇಬೇಕು. ನಮ್ಮದರಲ್ಲಿ ಅದೂ ಆಗಲಿಲ್ಲ. ಡಿಸ್ಕನ್ನು ಪರೀಕ್ಷಿಸುವ ಚೆಕ್‌ಡಿಸ್ಕ್ ಓಡಿಸಿದಾಗ ಕಾರಣ ಹೊರಬಿತ್ತು. ಹಾರ್ಡ್‌ಡಿಸ್ಕಿನಲ್ಲೇ ಓದಲಾಗದ ಜಾಗಗಳಾಗಿದ್ದವು. ಪ್ರಿಂಟರ್ ಡ್ರೈವರನ್ನು ನಾನು ದೂರಿದ್ದೆ, ನೀಲಿ ಪರದೆಗಳಿಗೂ ಬಹುಶಃ ಈ ಡಿಸ್ಕೇ ಕಾರಣವಾಗಿತ್ತು. ಇಂಥ ಡಿಸ್ಕಿನ ಮೇಲೆ ಚೆಕ್‌ಡಿಸ್ಕಿನ ಆಳವಾದ ಪರೀಕ್ಷೆಯನ್ನು ಮೊದಲೇ ಓಡಿಸಿದ್ದರೆ, ಗಂಟೆಗಟ್ಟಲೆಯ ಆ ಓದಾಟಕ್ಕೆ ಡಿಸ್ಕ್ ಪೂರ್ತಿ ಕೈಬಿಡುವ ಸಾಧ್ಯತೆ ಇತ್ತೆಂದು ನನ್ನ ವಿದ್ಯಾರ್ಥಿ ಹೇಳಿದ. ಮೊದಲು ನಕಲು, ಆಮೇಲೆ ಪರೀಕ್ಷೆ ಎಂಬ ಕ್ರಮದ ಬೆಲೆ ನನಗೆ ತಿಳಿದದ್ದು ಆಗಲೇ.

ಹಾರ್ಡ್‌ಡಿಸ್ಕಿನ ಬದಲು ಎಸ್‌ಎಸ್‌ಡಿ ಎಂಬ ಹೊಸ ಬಗೆಯ ಡಿಸ್ಕೊಂದನ್ನು ತಂದು ಹಾಕಿ ಅದೇ ಪೆನ್‌ಡ್ರೈವಿನಿಂದ ವಿಂಡೋಸ್ ಹಾಕಿಕೊಂಡೆವು. ಹೊಸ ಡಿಸ್ಕಿಗೆ ಹೊಸ ಲೈಸೆನ್ಸ್ ಕೊಳ್ಳಬೇಕೆಂಬ ನಂಬಿಕೆ ಎಲ್ಲೆಡೆ ಇದೆ; ಕೆಲವರು ಇದೇ ನೆಪದಲ್ಲಿ ಕದ್ದ ಪ್ರತಿಯನ್ನು ಹಾಕಿಕೊಟ್ಟು ಹಣ ಪಡೆಯುವುದೂ ಇದೆ. ವಿಂಡೋಸ್ 10 ಮತ್ತು 11ರಲ್ಲಿ ಡಿಜಿಟಲ್ ಲೈಸೆನ್ಸ್ ಮುಖ್ಯವಾಗಿ ಮದರ್‌ಬೋರ್ಡಿಗೆ ಅಂಟಿಕೊಂಡಿರುತ್ತದೆ. ಡಿಸ್ಕ್ ಬದಲಾಯಿಸಿ ಅದೇ ಆವೃತ್ತಿಯನ್ನು ಹಾಕಿಕೊಂಡರೆ ಇಂಟರ್ನೆಟ್ ಸಿಕ್ಕೊಡನೆ ಅದು ತಾನಾಗಿಯೇ ಚಾಲೂ ಆಗುತ್ತದೆ. ನಮ್ಮದೂ ಹಾಗೆಯೇ ಆಯಿತು.

ಇಷ್ಟಾದ ಮೇಲೆ ಹಾಡಿನ ಫೈಲೊಂದನ್ನು ತೆರೆದರೆ ಪರದೆಯ ತುಂಬ ಇಂಗ್ಲಿಷ್ ಅಕ್ಷರಗಳು, ತಲೆಯ ಮೇಲೆ ಗೆರೆ ಚುಕ್ಕಿಗಳನ್ನು ಹೊತ್ತ ವಿಚಿತ್ರ ಚಿಹ್ನೆಗಳು. ಒಂದು ಪದವೂ ಓದಲು ಬರುವಂತಿರಲಿಲ್ಲ. ಫೈಲು ಕೆಟ್ಟಿದೆ ಎಂದೇ ತೋರುತ್ತದೆ. ಕನ್ನಡದಲ್ಲಿ ಕೆಲಸ ಮಾಡುವ ಸಾವಿರಾರು ಮನೆಗಳಿಗೆ, ಡಿಟಿಪಿ ಕೇಂದ್ರಗಳಿಗೆ ಇದು ಸಂಬಂಧಿಸಿದ್ದರಿಂದ ತುಸು ಬಿಡಿಸಿ ಹೇಳುತ್ತೇನೆ. ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿಯಲ್ಲಿ ಹಳೆಯ ಪದ್ಧತಿಯಂತೆ ಟೈಪು ಮಾಡಿದ ಫೈಲಿನೊಳಗೆ ಇರುವುದು ಇಂಗ್ಲಿಷ್ ಅಕ್ಷರಗಳ ಸಂಕೇತಗಳೇ. ಅವನ್ನು ಕನ್ನಡವಾಗಿ ತೋರಿಸುವುದು ನುಡಿಯ ಫಾಂಟು. ವಿಂಡೋಸ್ ಹೊಸದಾಗಿ ಹಾಕಿದಾಗ ಆ ಫಾಂಟು ಹೋಗಿರುತ್ತದೆ. ‘ಫೈಲುಗಳನ್ನು ಉಳಿಸಿಕೊಂಡು ರೀಸೆಟ್’ ಎಂಬ ದಾರಿ ಹಿಡಿದರೂ ತಂತ್ರಾಂಶಗಳು ಹೋಗಿರುತ್ತವೆ. ಫಾಂಟು ಮರಳಿ ಹಾಕಿದರೆ ಸಾಕು, ಅಕ್ಷರಗಳು ಹಾಗೆಯೇ ಬರುತ್ತವೆ. ಇದು ತಿಳಿಯದೆ, ರಿಸ್ಟೋರ್ ಆದ ಮೇಲೆ ಫೈಲು ಹಾಳಾಯಿತೆಂದು ಅಳಿಸಿ ಹಾಕಿದವರನ್ನು ನಾನು ಬಲ್ಲೆ. ನಾವು ನುಡಿ ಹಾಕಿ ಫೈಲನ್ನು ಮತ್ತೆ ತೆರೆದೆವು. ಮೊದಲ ಸಾಲು ಕನ್ನಡದಲ್ಲಿ ಬಂದಾಗ ನನ್ನ ಪತ್ನಿ ಅದನ್ನು ಓದಲಿಲ್ಲ, ಮೆಲ್ಲಗೆ ಹಾಡಿದಳು. ಈಗ ನುಡಿಯಲ್ಲೇ ಇರುವ ಪರಿವರ್ತಕದಿಂದ ಹಾಡುಗಳನ್ನೆಲ್ಲ ಒಂದೊಂದಾಗಿ, ಎಲ್ಲೆಡೆ ಒಪ್ಪಿತವಾದ ಯೂನಿಕೋಡ್ ಎಂಬ ಅಕ್ಷರ ಸಂಕೇತಕ್ಕೆ ಬದಲಾಯಿಸುತ್ತಿದ್ದೇವೆ. ಯೂನಿಕೋಡ್ ಕನ್ನಡವನ್ನು ತೋರಿಸುವ ಫಾಂಟು ವಿಂಡೋಸ್‌ನಲ್ಲೇ ಇರುವುದರಿಂದ ಆ ಫೈಲು ಯಾವ ಕಂಪ್ಯೂಟರಿನಲ್ಲಿ ತೆರೆದರೂ ಕನ್ನಡವಾಗಿಯೇ ಕಾಣುತ್ತದೆ.

ಪಕ್ಕದ ಮನೆಯ ಕಥೆ ಇಷ್ಟು ಸುಖಾಂತವಲ್ಲ. ಬಿ.ಕಾಂ. ಓದುವ ಮಗಳಿಗೆಂದು ಅವರು ಹೊಸ ಲ್ಯಾಪ್‌ಟಾಪ್ ಕೊಂಡಿದ್ದರು. ಯಾವುದೋ ಅಪ್‌ಡೇಟ್ ಆದ ಮೇಲೆ ಅದು ತೊಂದರೆ ಕೊಡತೊಡಗಿದಾಗ ಆ ಹುಡುಗಿ ದುರಸ್ತಿ ಪರದೆಗೆ ಹೋಗಿ ರಿಸ್ಟೋರ್ ಮಾಡಲು ನೋಡಿದಳು. ಅದು ಡಿಸ್ಕಿನ ಬೀಗ ತೆರೆಯುವ 48 ಅಂಕಿಗಳ ಕೀಲಿಯನ್ನು, ಎಂದರೆ ಬಿಟ್‌ಲಾಕರ್ ರಿಕವರಿ ಕೀಯನ್ನು, ಕೇಳಿತು. ಅಂಥದ್ದೊಂದು ಇದೆಯೆಂದೇ ಆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಈಗಿನ ಹೊಸ ಲ್ಯಾಪ್‌ಟಾಪುಗಳಲ್ಲಿ, ವಿಶೇಷವಾಗಿ 2024ರ ಕೊನೆಯಲ್ಲಿ ಬಂದ ವಿಂಡೋಸ್ 11ರ 24ಎಚ್2 ಆವೃತ್ತಿ ಹಾಕಿದವುಗಳಲ್ಲಿ, ಮೈಕ್ರೋಸಾಫ್ಟ್ ಖಾತೆಯಿಂದ ಮೊದಲ ಸಲ ಒಳಗೆ ಹೋದೊಡನೆ ಡಿಸ್ಕ್ ತಾನಾಗಿಯೇ ಗೂಢಲಿಪಿಗೆ ಬದಲಾಗಿ, ಅದರ ಕೀಲಿ ಆ ಖಾತೆಯಲ್ಲಿ ಉಳಿಯುತ್ತದೆ. ಕಳ್ಳತನವಾದರೆ ನಮ್ಮ ಗುಟ್ಟು ಕಾಯುವ ಒಳ್ಳೆಯ ಏರ್ಪಾಡು ಇದು, ಅದರ ಬಗ್ಗೆ ನನ್ನ ತಕರಾರಿಲ್ಲ. ಆದರೆ ಆ ಖಾತೆ ನಮ್ಮದಾಗಿರಬೇಕು. ಈ ಹುಡುಗಿಯ ಲ್ಯಾಪ್‌ಟಾಪನ್ನು ಕೊಂಡ ದಿನ ಅಂಗಡಿಯವರೇ ಗಡಿಬಿಡಿಯಲ್ಲಿ ತಮ್ಮ ಯಾವುದೋ ಇಮೇಲ್ ಹಾಕಿ ಚಾಲೂ ಮಾಡಿ ಕೊಟ್ಟಿದ್ದರು. ಯಾವ ಇಮೇಲ್ ಎಂದು ಹೋಗಿ ಕೇಳಿದಾಗ ಆ ದಿನ ಅಂಗಡಿಯಲ್ಲಿದ್ದ ಹುಡುಗ ಕೆಲಸ ಬಿಟ್ಟಿದ್ದಾನೆ ಎಂಬ ಉತ್ತರ ಬಂತು. ಆ ಕೀಲಿ ಇಲ್ಲದೆ ಡಿಸ್ಕನ್ನು ತೆರೆಯಲು ಮೈಕ್ರೋಸಾಫ್ಟ್ ಸಂಸ್ಥೆಯವರಿಗೂ ಸಾಧ್ಯವಿಲ್ಲ. ನಾನು ಕಲಿತ ನೋಟ್‌ಪ್ಯಾಡಿನ ದಾರಿಯೂ ಅಲ್ಲಿ ನಡೆಯಲಿಲ್ಲ, ಕೀಲಿ ಕೊಡದೆ ಡ್ರೈವ್ ತೆರೆಯಲೇ ಇಲ್ಲ. ಕಡೆಗೆ ಎಲ್ಲವನ್ನೂ ಅಳಿಸಿ ವಿಂಡೋಸ್ ಹೊಸದಾಗಿ ಹಾಕಿದರು. ಲ್ಯಾಪ್‌ಟಾಪ್ ಈಗ ಚೆನ್ನಾಗಿಯೇ ಓಡುತ್ತಿದೆ. ಎರಡು ವರ್ಷದ ಟಿಪ್ಪಣಿಗಳು, ಮುಕ್ಕಾಲುಪಾಲು ಮುಗಿದಿದ್ದ ಪ್ರಾಜೆಕ್ಟ್ ವರದಿ, ಅಣ್ಣನ ಮದುವೆಯ ಫೋಟೋಗಳು ಹೋದವು.

ಇಂಥ ತೊಂದರೆ ಮನೆಗಳಿಗಷ್ಟೇ ಬರುವುದಲ್ಲ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಕಂಪನಿಯ ಭದ್ರತಾ ತಂತ್ರಾಂಶದ ದೋಷದಿಂದ ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ಏಳದೆ ನಿಂತು, ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲೂ ಕೈಯಲ್ಲಿ ಬರೆದ ಬೋರ್ಡಿಂಗ್ ಪಾಸ್ ಕೊಟ್ಟದ್ದು ಓದುಗರಿಗೆ ನೆನಪಿರಬಹುದು. ಅಂದು ಎಷ್ಟೋ ಕಚೇರಿಗಳಲ್ಲಿ ದುರಸ್ತಿ ತಡವಾದದ್ದು ಇದೇ ಬಿಟ್‌ಲಾಕರ್ ಕೀಲಿ ಹುಡುಕಬೇಕಾಗಿ ಬಂದದ್ದರಿಂದ. 2025ರ ಅಕ್ಟೋಬರ್ 14ರಂದು ಬಿಡುಗಡೆಯಾದ ಅಪ್‌ಡೇಟ್ ಹಾಕಿಕೊಂಡ ವಿಂಡೋಸ್ 11 ಕಂಪ್ಯೂಟರುಗಳ ದುರಸ್ತಿ ಪರದೆಯಲ್ಲಿ ಯುಎಸ್‌ಬಿ ಕೀಬೋರ್ಡ್ ಮತ್ತು ಮೌಸ್ ಎರಡೂ ಕೆಲಸ ಮಾಡದಂತಾಗಿ, ಅದನ್ನು ಸರಿಪಡಿಸುವ ತುರ್ತು ಅಪ್‌ಡೇಟ್ ಬಂದದ್ದು 20ರಂದು. ಆ ನಡುವೆ ಯಾರ ಕಂಪ್ಯೂಟರಾದರೂ ಕೆಟ್ಟಿದ್ದರೆ ಅವರಿಗೆ ಬಹುಮಟ್ಟಿಗೆ ಆಸರೆಯಾಗುತ್ತಿದ್ದದ್ದು ಬೇರೆ ಕಡೆ ಮೊದಲೇ ಮಾಡಿಟ್ಟುಕೊಂಡ ಪೆನ್‌ಡ್ರೈವ್. ಅದೇ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲವೂ ಮುಗಿದಿದೆ. ಹೆಸರು ನೋಂದಾಯಿಸಿಕೊಂಡ ಮನೆಬಳಕೆದಾರರಿಗೆ ಭದ್ರತಾ ಅಪ್‌ಡೇಟುಗಳು 2026ರ ಅಕ್ಟೋಬರ್ 13ರವರೆಗೆ ಮಾತ್ರ ಸಿಗುತ್ತವೆ. ಹಾಗಾಗಿ ಹಳೆಯ ಯಂತ್ರಗಳನ್ನು ಮೇಲ್ದರ್ಜೆಗೆ ಏರಿಸುವ, ಏರಿಸಿದ್ದು ಹೊಂದದೆ ಹಿಂದಕ್ಕೆ ಬರಲು ನೋಡುವ ಮನೆಗಳು ಈ ವರ್ಷ ಹೆಚ್ಚಾಗುತ್ತವೆ. ಹಾಗೆ ಹಿಂದಕ್ಕೆ ಬರುವ ಅವಕಾಶ ಸಾಮಾನ್ಯವಾಗಿ ಹತ್ತೇ ದಿನ ಇರುತ್ತದೆ.

ಈ ಹಿನ್ನೆಲೆಯಲ್ಲಿ ಸಂಬಂಧಪಟ್ಟವರಲ್ಲಿ ನನ್ನ ಕೋರಿಕೆಗಳಿವೆ. ದುರಸ್ತಿ ಅಂಗಡಿಯವರು ಫಾರ್ಮ್ಯಾಟ್ ಮಾಡುವ ಮೊದಲು, ಫೈಲುಗಳನ್ನು ನಕಲು ಮಾಡಿಕೊಡಬೇಕೇ ಬೇಡವೇ ಎಂದು ಕೇಳಿ, ಗ್ರಾಹಕರ ಉತ್ತರವನ್ನು ರಸೀದಿಯ ಮೇಲೆ ಕನ್ನಡದಲ್ಲಿ ಬರೆಸಿಕೊಂಡು ಸಹಿ ಪಡೆಯಬೇಕು. ನಕಲಿಗೆ ಪ್ರತ್ಯೇಕ ಹಣ ಕೇಳಲಿ, ಜನ ಸಂತೋಷದಿಂದಲೇ ಕೊಡುತ್ತಾರೆ. ಹಳೆಯ ಹಾರ್ಡ್‌ಡಿಸ್ಕಿನಲ್ಲಾದರೆ ಆತುರದ ಫಾರ್ಮ್ಯಾಟಿನ ನಂತರವೂ ಸ್ವಲ್ಪ ಮರಳಿ ಸಿಗಬಹುದು. ಎಸ್‌ಎಸ್‌ಡಿಯಲ್ಲಿ ಅಳಿಸಿದ್ದು ಸಾಮಾನ್ಯವಾಗಿ ಮತ್ತೆ ಸಿಗುವುದಿಲ್ಲ. ಆದ್ದರಿಂದ ಈ ಒಂದು ಪ್ರಶ್ನೆಯನ್ನು ಕೇಳದೇ ಇರುವುದು ಈಗ ಮೊದಲಿಗಿಂತ ದೊಡ್ಡ ತಪ್ಪು. ಗ್ರಾಹಕರಿಗೆ ತಿಳಿಯಬೇಕಾದ ಮಾಹಿತಿಯನ್ನು ಬೇಕೆಂದೇ ಮುಚ್ಚಿಡುವುದನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಸೇವಾ ನ್ಯೂನತೆಯೆಂದೇ ಎಣಿಸುತ್ತದೆ ಎಂಬುದನ್ನೂ, ದೂರಿಗೆ 1915 ಎಂಬ ರಾಷ್ಟ್ರೀಯ ಸಹಾಯವಾಣಿ ಇದೆ ಎಂಬುದನ್ನೂ ಓದುಗರು ನೆನಪಿಡಲಿ.

ಲ್ಯಾಪ್‌ಟಾಪ್ ಮಾರುವವರು ಖಾತೆಯನ್ನು ಕೊಂಡವರ ಫೋನು, ಕೊಂಡವರ ಇಮೇಲ್ ಬಳಸಿ ಅವರ ಕೈಯಿಂದಲೇ ಮಾಡಿಸಬೇಕು. ಬಿಟ್‌ಲಾಕರ್ ಕೀಲಿಯನ್ನು ಅಲ್ಲೇ ತೆರೆದು ತೋರಿಸಿ ಕಾಗದದ ಮೇಲೆ ಮುದ್ರಿಸಿ ಕೊಡಬೇಕು. ಹತ್ತು ನಿಮಿಷದ ಕೆಲಸ. ಈಗಾಗಲೇ ಕೊಂಡವರು ತಮ್ಮ ಮೈಕ್ರೋಸಾಫ್ಟ್ ಖಾತೆಯ ಸಾಧನಗಳ ಪುಟದಲ್ಲಿ ಆ ಕೀಲಿ ಇದೆಯೇ ಎಂದು ಯಂತ್ರ ಸರಿಯಿರುವಾಗಲೇ ನೋಡಿ, ಆರಾರು ಅಂಕಿಗಳ ಎಂಟು ಗುಂಪುಗಳನ್ನು ಒಂದು ಹಾಳೆಯಲ್ಲಿ ಬರೆದು ಆಸ್ತಿಪತ್ರಗಳ ಜೊತೆ ಇಟ್ಟುಕೊಳ್ಳಬೇಕೆಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ. ಲ್ಯಾಪ್‌ಟಾಪಿನ ಚೀಲದಲ್ಲೇ ಇಡುವುದು ಬೇಡ.

ಆ ನಾಲ್ಕು ದಿನಗಳಲ್ಲಿ ನಮ್ಮ ಪರದೆಯ ಮೇಲೆ ಬಂದ ಒಂದು ಎಚ್ಚರಿಕೆಯೂ ಕನ್ನಡದಲ್ಲಿರಲಿಲ್ಲ. ವಿಂಡೋಸಿಗೆ ಕನ್ನಡದ ಹೊದಿಕೆ ಇದೆ, ದಿನನಿತ್ಯದ ಮೆನುಗಳು ಕನ್ನಡದಲ್ಲಿ ಕಾಣುತ್ತವೆ. ಆದರೆ ಎಲ್ಲಕ್ಕಿಂತ ಹೆಚ್ಚು ಅರ್ಥವಾಗಬೇಕಾದ ಗಳಿಗೆಯಲ್ಲಿ ಎದುರಾದ ‘ಎಲ್ಲವನ್ನೂ ಅಳಿಸು’, ‘ಫೈಲುಗಳನ್ನು ಉಳಿಸಿಕೊ’ ಎಂಬ ಎರಡು ಗುಂಡಿಗಳು ಇಂಗ್ಲಿಷಿನಲ್ಲಿಯೇ ಇದ್ದವು. ಮೂವತ್ತು ವರ್ಷ ಪಾಠ ಹೇಳಿದ ನಾನೇ ಆ ಪರದೆಯ ಮುಂದೆ ತಡವರಿಸಿದ್ದೇನೆ. ಇಂಗ್ಲಿಷ್ ಅಷ್ಟಾಗಿ ಬಾರದವರ ಬೆರಳು ಯಾವುದರ ಮೇಲೆ ಬೀಳುತ್ತದೆ ಎಂಬ ಯೋಚನೆ ನನ್ನನ್ನು ಬಿಟ್ಟಿಲ್ಲ. ಕಂಪನಿಗಳು ಇದನ್ನು ಸರಿಪಡಿಸುವವರೆಗೆ ಕಾಯಬೇಕಾಗಿಲ್ಲ. ಗ್ರಾಮ ಪಂಚಾಯಿತಿಗಳ ಗ್ರಂಥಾಲಯ ಮತ್ತು ಅರಿವು ಕೇಂದ್ರಗಳಲ್ಲಿ ಕಂಪ್ಯೂಟರುಗಳಿವೆ, ಓದುವ ಮಕ್ಕಳು ಬರುತ್ತಾರೆ. ಅಲ್ಲಿ ವಿಂಡೋಸಿನ ದುರಸ್ತಿ ಪೆನ್‌ಡ್ರೈವ್ ಒಂದನ್ನು ಸದಾ ಸಿದ್ಧವಾಗಿಟ್ಟು, ದುರಸ್ತಿ ಪರದೆಯ ಚಿತ್ರಗಳೊಂದಿಗೆ ಪ್ರತಿ ಗುಂಡಿಯ ಅರ್ಥವನ್ನು ಕನ್ನಡದಲ್ಲಿ ಬರೆದ ಒಂದು ಹಾಳೆಯನ್ನು ಗೋಡೆಗೆ ಅಂಟಿಸುವಂತೆ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆ ಸೂಚಿಸಬೇಕೆಂದು ಕೋರುತ್ತೇನೆ. ಶಾಲೆಯ ಕಂಪ್ಯೂಟರ್ ಪಾಠದಲ್ಲಿ ಚಿತ್ರ ಬರೆಯುವುದು, ಪತ್ರ ಟೈಪು ಮಾಡುವುದರ ಜೊತೆಗೆ, ಬರೆದದ್ದರ ಇನ್ನೊಂದು ಪ್ರತಿಯನ್ನು ಬೇರೆ ಕಡೆ ಇಡುವುದನ್ನೂ ಒಂದು ತರಗತಿಯಲ್ಲಿ ಮಾಡಿ ತೋರಿಸಲಿ.

ಅಂಥ ಹಾಳೆಯೊಂದನ್ನು ನನ್ನ ವಿದ್ಯಾರ್ಥಿಯ ನೆರವಿನಿಂದ ನಾನು ಬರೆದಿದ್ದೇನೆ, ಎರಡು ಪುಟವಾಗಿದೆ. ಪಕ್ಕದ ಮನೆಯ ಹುಡುಗಿ ಅದನ್ನು ಯೂನಿಕೋಡಿನಲ್ಲಿ ಟೈಪು ಮಾಡಿ ಕೊಟ್ಟಿದ್ದಾಳೆ. ನಮ್ಮೂರಿನ ಅರಿವು ಕೇಂದ್ರಕ್ಕೆ ಕಳೆದ ವಾರ ಅದರ ಒಂದು ಪ್ರತಿ ಮತ್ತು ನಮ್ಮನ್ನು ಉಳಿಸಿದ ಆ ಎಂಟು ಜಿಬಿಯ ಪೆನ್‌ಡ್ರೈವ್ ಎರಡನ್ನೂ ಕೊಟ್ಟು ಬಂದಿದ್ದೇನೆ. ಬೇರೆ ಊರಿನ ಕೇಂದ್ರದವರಾಗಲಿ, ದುರಸ್ತಿ ಅಂಗಡಿಯವರಾಗಲಿ ಬೇಕೆಂದು ತಮ್ಮ ಕಚೇರಿಗೆ ತಿಳಿಸಿದರೆ ಆ ಎರಡು ಪುಟಗಳನ್ನು ತಮಗೇ ಕಳುಹಿಸಿಕೊಡುತ್ತೇನೆ. ದಯವಿಟ್ಟು ಅವರಿಗೆ ತಲುಪಿಸಬೇಕೆಂದು ವಿನಂತಿ.

ಇಂತು ತಮ್ಮ ವಿಶ್ವಾಸಿ,
ನಿವೃತ್ತ ಪ್ರೌಢಶಾಲಾ ಶಿಕ್ಷಕ,
ಸಾಗರ ತಾಲ್ಲೂಕು, ಶಿವಮೊಗ್ಗ ಜಿಲ್ಲೆ